ಅವ್ವನನ್ನು ದ್ವೀಪದಿಂದ ಊರಿಗೆ ತಂದದ್ದು

ಜನರನ್ನು ಊರು ಮುಟ್ಟಿಸುವುದು ನನ್ನ ಕಸುಬು. ಚಿಕ್ಕೋಡಿ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಕೂತು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಮೈಕಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಒಡೆದಿದೆ. ಮನೆಯಲ್ಲಿ ಉಪ್ಪು ಕೇಳಿದರೂ ಹೆಂಡತಿ "ಮೆಲ್ಲಗ ಅನ್ರಿ, ಇದು ಸ್ಟ್ಯಾಂಡ್ ಅಲ್ಲ" ಅನ್ನುತ್ತಾಳೆ. ಕಬ್ಬೂರಿನ ಮುದುಕಿಯೊಬ್ಬಳು ಮಿರಜಿನ ಆಸ್ಪತ್ರೆಗೆ ಹೋಗಬೇಕೆಂದರೆ ಯಾವ ಗಾಡಿ ಹತ್ತಬೇಕು, ಎಲ್ಲಿ ಇಳಿದು ಯಾವುದನ್ನು ಹಿಡಿಯಬೇಕು, ಅದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂಬುದನ್ನು ನಾನು ಪಟ್ಟಿ ನೋಡದೆ ಹೇಳುತ್ತೇನೆ. ಈ ವಿದ್ಯೆಯ ಬಗ್ಗೆ ನನಗೆ ಸೊಕ್ಕಿತ್ತು. ಆ ಸೊಕ್ಕಿನ ಮೇಲೆಯೇ ಅವ್ವನನ್ನು ಅಂಡಮಾನಿಗೆ ಕರೆದುಕೊಂಡು ಹೋದೆ. ಹೋಗುವಾಗ ಸುಖವಾಗಿ ಮುಟ್ಟಿಸಿದೆ. ಅವ್ವ ಅಲ್ಲೇ ತೀರಿಕೊಂಡಳು. ಅವಳನ್ನು ಐಗಳಿಯ ನಮ್ಮ ಹೊಲಕ್ಕೆ ಹೇಗೆ ತಂದೆ ಎಂಬುದನ್ನು ಬಾಯಿಬಿಟ್ಟು ಯಾರಿಗೂ ಪೂರ್ತಿ ಹೇಳಲು ನನ್ನಿಂದ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂಗಿಯ ಗಂಡನಿಗೆ ಬ್ಯಾಂಕಿನಲ್ಲಿ ನೌಕರಿ. ವರ್ಗವಾಗಿ ಅಂಡಮಾನಿನ ಒಂದು ಸಣ್ಣ ದ್ವೀಪಕ್ಕೆ ಹೋಗಿದ್ದ. ತಂಗಿ ಬಸುರಿಯಾದಾಗ ಅವ್ವ ತವರಿಗೆ ಬಾ ಎಂದು ಕರೆದಳು. ದಿನ ತುಂಬುತ್ತಿವೆ, ವಿಮಾನ ಹತ್ತುವುದು ಬೇಡ ಎಂದು ಡಾಕ್ಟರ್ ಹೇಳಿದ್ದರಿಂದ ಅವಳು ಬರಲಿಲ್ಲ. ಹೆಣ್ಣು ಕೂಸು ಅಲ್ಲಿಯೇ ಹುಟ್ಟಿತು. ಬಾಣಂತನ ಮಾಡಲಾಗದ ಸಂಕಟ ಅವ್ವನನ್ನು ತಿನ್ನತೊಡಗಿತು. ಕೂಸಿಗೆ ಕೌದಿ ಹೊಲಿದಳು, ತಲೆಗೆ ಕುಂಚಗಿ ಹೊಲಿದಳು, ಬಾಣಂತಿಗೆಂದು ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿದಳು. ಎಲ್ಲವನ್ನೂ ಗಂಟು ಕಟ್ಟಿ ನನ್ನ ಮುಂದೆ ತಂದಿಟ್ಟು, "ನೀ ಊರ ಮಂದೀನೆಲ್ಲಾ ಮುಟ್ಟಸ್ತಿ. ನನ್ನೊಬ್ಬಾಕೀನ ಮುಟ್ಟಸಾಕ ಆಗೂದಿಲ್ಲೇನ?" ಎಂದಳು. ಇಂಥ ಮಾತಿಗೆ ನಾನು ಸೋಲದೆ ಇರುತ್ತೇನೆಯೆ?

ದಾರಿಗಳನ್ನು ಹುಡುಕಿದೆ. ಚೆನ್ನೈನಿಂದ ಹಡಗಿದೆ, ಮೂರು ದಿನ ನೀರಿನ ಮೇಲೆ. ಯಾವ ದಿನ ಬಿಡುತ್ತದೆ ಎಂದು ಫೋನು ಮಾಡಿ ಕೇಳಿದರೆ, ಬರುವ ತಿಂಗಳ ಪಟ್ಟಿ ಇನ್ನೂ ಬಂದಿಲ್ಲ ಎಂದರು. ಪಟ್ಟಿಯೇ ಇಲ್ಲದ ಗಾಡಿ ಎಂಥ ಗಾಡಿ ಎಂದು ನನಗೆ ಸಿಟ್ಟು ಬಂತು, ಹಡಗನ್ನು ಬಿಟ್ಟೆ. ರಾಯಬಾಗದಲ್ಲಿ ರೈಲು ಹತ್ತಿ ಬೆಂಗಳೂರಿಗೆ, ಅಲ್ಲಿಂದ ವಿಮಾನದಲ್ಲಿ ಪೋರ್ಟ್ ಬ್ಲೇರಿಗೆ, ಅಲ್ಲಿಂದ ಫೆರ್ರಿಯಲ್ಲಿ ಸಣ್ಣ ದ್ವೀಪಕ್ಕೆ ಎಂದು ಗೊತ್ತು ಮಾಡಿದೆ. ಪೋರ್ಟ್ ಬ್ಲೇರಿನ ಹೆಸರು ಈಗ ಬೇರೆ ಆಗಿದೆ, ಆದರೆ ಅಲ್ಲಿಯ ಆಟೊದವರೂ ಹಳೆಯ ಹೆಸರನ್ನೇ ಹೇಳುತ್ತಾರೆ. ವಿಮಾನ ಎಂದಾಗ ಹೆದರಿಕೆ ಆಗುತ್ತದೆಯೇ ಎಂದು ಅವ್ವನನ್ನು ಕೇಳಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ಮಂಟಪ ಕಟ್ಟಿ, ಅದರಲ್ಲಿ ಕೂಡಿಸಿಕೊಂಡು ಹೋಗುತ್ತೇವೆ. ಅದಕ್ಕೂ ವಿಮಾನ ಎಂದೇ ಹೆಸರು. ಅವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, "ಎಂದಾರ ಒಂದಿನ ಅದರಾಗ ಕುಂದರೂದ ಐತಿ. ಮೊದಲ ರೂಢಿ ಆಗ್ಲಿ ಬಿಡ" ಎಂದಳು. ನಾನೂ ನಕ್ಕೆ.

ಹೋಗುವ ದಾರಿಯಲ್ಲಿ ಒಂದೇ ಒಂದು ತಕರಾರು ಆಗಲಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಂಟಿನ ಉಂಡಿಯ ಡಬ್ಬಿಯನ್ನು ಯಂತ್ರದಲ್ಲಿ ಎರಡು ಸಲ ಹಾಯಿಸಿ ನೋಡಿದರು. ಅವ್ವ ಅಲ್ಲಿದ್ದ ಪೊಲೀಸ್ ಹುಡುಗಿಗೆ ಒಂದು ಉಂಡಿ ಕೊಡಲು ಹೋದಳು, ಅವಳು ಬೇಡ ಎಂದು ಕೈ ಮುಗಿದಳು. ಕಿಟಕಿಯ ಹತ್ತಿರ ಕೂತ ಅವ್ವ ನೀರು ಕಂಡ ಮೇಲೆ ಕೊರಳು ಹೊರಳಿಸಲಿಲ್ಲ. ಪೋರ್ಟ್ ಬ್ಲೇರಿನಿಂದ ದ್ವೀಪಕ್ಕೆ ಎರಡು ಬಗೆಯ ದೋಣಿಗಳಿವೆ. ಖಾಸಗಿಯವರದು ಬೇಗ ಮುಟ್ಟುತ್ತದೆ, ಆದರೆ ಗಾಜು ಹಾಕಿ ಮುಚ್ಚಿದ ತಂಪಿನ ಕೋಣೆಯಲ್ಲಿ ಕೂತಿರಬೇಕು. ಸರ್ಕಾರಿ ಫೆರ್ರಿ ನಿಧಾನ, ಮೇಲೆ ಬಯಲಿನಲ್ಲಿ ನಿಲ್ಲಬಹುದು, ಕೆಳಗಡೆ ತರಕಾರಿ ಚೀಲ, ಕೋಳಿ ಬುಟ್ಟಿ, ಬೈಕು ಎಲ್ಲ ಇರುತ್ತವೆ. ಸರ್ಕಾರಿ ನೌಕರ ನಾನು, ಸರ್ಕಾರಿ ಫೆರ್ರಿಯನ್ನೇ ಹತ್ತಿಸಿದೆ. ಅವ್ವನ ತವರು ಕೃಷ್ಣಾ ದಂಡೆಯ ಊರು. ದೋಣಿ ಕಂಡು ಬೆಳೆದವಳು ಅಷ್ಟು ನೀರು ಕಂಡು, "ಇದಕ್ಕ ಆಚಿ ದಂಡಿ ಇಲ್ಲೇನ?" ಎಂದು ಕೇಳಿದಳು.

ದ್ವೀಪದಲ್ಲಿ ಒಂದು ವಾರ ಚೆನ್ನಾಗಿ ಕಳೆಯಿತು. ಅಲ್ಲಿ ಬಸ್ಸು ದಿನಕ್ಕೆ ಕೆಲವೇ ಸಲ ಬರುತ್ತದೆ. ಬಾಡಿಗೆ ಸ್ಕೂಟರು, ಆಟೊ, ಮಂದಿ ತುಂಬಿದ ಮೇಲೆ ಹೊರಡುವ ಜೀಪು ಇವೆ. ಒಂದು ಬೆಳಿಗ್ಗೆ ಬಸ್ಸು ಹೊತ್ತಿಗೆ ಮೊದಲೇ ಹೋಗಿಬಿಟ್ಟಿತೆಂದು ಮರುದಿನ ನಾನು ಆ ಚಾಲಕನನ್ನು ಹರಕು ಹಿಂದಿಯಲ್ಲಿ ತರಾಟೆಗೆ ತೆಗೆದುಕೊಂಡೆ. ಅವ್ವ ನನ್ನ ಅಂಗಿ ಜಗ್ಗಿ, "ಇಲ್ಲೂ ಕಂಟ್ರೋಲರಕಿ ಬಿಡೂದಿಲ್ಲಲ್ಲೋ ನೀ" ಎಂದಳು. ತಂಗಿಯ ಕ್ವಾರ್ಟರ್ಸಿನ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದೇ ಅವಳಿಗೆ ಹಬ್ಬವಾಗಿತ್ತು. ಸಮುದ್ರಕ್ಕೆ ಎರಡು ಸಲ ಬಂದಳು, ಮೂರನೆಯ ಸಲ ಕರೆದರೆ "ನೋಡೇನಲಾ" ಎಂದಳು.

ಎಂಟನೆಯ ದಿನ ಊಟ ಮಾಡಿ ಎದ್ದವಳು ಗೋಡೆ ಹಿಡಿದುಕೊಂಡು ನಿಂತಳು. ಎದೆ ಹಿಡಿದಂಗ ಆಗ್ತೈತಿ ಎಂದಳು. ತಂಗಿಯ ಗಂಡ ಡಾಕ್ಟರನ್ನು ಕರೆತರಲು ಸ್ಕೂಟರಿನ ಮೇಲೆ ಓಡಿದ. ಅವನು ತಿರುವು ದಾಟುವ ಮೊದಲೇ ಅವ್ವ ನನ್ನ ತೋಳಿನಲ್ಲಿ ಹೋದಳು. ಒಂದು ಮಾತು ಆಡಲಿಲ್ಲ, ನೀರು ಕೇಳಲಿಲ್ಲ. ತಂಗಿ ಕೂಸನ್ನು ಚಾಪೆಯ ಮೇಲೆ ಹಾಕಿ ಬೋರಾಡಿ ಅತ್ತಳು. ನನಗೆ ಅಳು ಬರಲಿಲ್ಲ. ಮಾಡಬೇಕಾದ ಕೆಲಸ ಮಾತ್ರ ನೆನಪಿಗೆ ಬಂತು.

ನಮ್ಮಲ್ಲಿ ಕೂಡಿಸಿಯೇ ಹೂಳುವುದು, ಅದಕ್ಕೇ ಉಸಿರು ನಿಂತ ಕೂಡಲೇ ಕೂಡಿಸಬೇಕು. ಮೈ ಸೆಟೆದರೆ ಆಮೇಲೆ ಕಾಲು ಮಡಚುವುದಿಲ್ಲ. ಐಗಳಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಿರಿಯರು ಮೊದಲು ಅನ್ನುವುದು "ಲಗೂ ಕುಂದರಸ್ರಿ" ಎಂದೇ. ನಾನೂ ತಂಗಿಯೂ ಸೇರಿ ಅವ್ವನನ್ನು ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ ಕೂಡಿಸಿದೆವು. ಹಣೆಗೆ ವಿಭೂತಿ ಬಳಿದೆವು. ಕೊರಳು ವಾಲದ ಹಾಗೆ ಅವಳದೇ ಸೀರೆಯಿಂದ ಕಿಟಕಿಯ ಸರಳಿಗೆ ಬಿಗಿದೆವು. ಅಪ್ಪ ತೀರಿಕೊಂಡಾಗ ಹೊಲದಲ್ಲಿ ಅವನ ಸಮಾಧಿಗೂ ಅಜ್ಜನ ಸಮಾಧಿಗೂ ನಡುವೆ ಅವ್ವನಿಗೆಂದು ಜಾಗ ಬಿಟ್ಟಿದ್ದರು. ಬಿಡಿಸಿದವಳು ಅವ್ವನೇ. ಅವಳನ್ನು ಅಲ್ಲಿಗೆ ಒಯ್ದು ಅಪ್ಪನ ಮಗ್ಗುಲಿಗೆ ಕೂಡಿಸಬೇಕು. ಅದೊಂದನ್ನು ಬಿಟ್ಟು ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಬೇರೇನೂ ಇರಲಿಲ್ಲ.

ಡಾಕ್ಟರ್ ಬಂದರು. ಬಂಗಾಳಿ ಮನುಷ್ಯ, ವಯಸ್ಸು ಕಡಿಮೆ. ಕಣ್ಣು ನೋಡಿ, ನಾಡಿ ಹಿಡಿದು, ಕಾಗದ ಬರೆದುಕೊಟ್ಟರು. ಊರಿಗೆ ಒಯ್ಯುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು. ಹೌದು ಎಂದೆ. ಹಾಗಾದರೆ ಈಗಲೇ ಮಲಗಿಸಿ, ಕೈಕಾಲು ನೆಟ್ಟಗೆ ಮಾಡಿ, ತಡವಾದರೆ ಕಷ್ಟ ಆಗುತ್ತದೆ ಎಂದರು. ನನಗೆ ರೇಗಿಹೋಯಿತು. ಇವನಿಗೇನು ಗೊತ್ತು ನಮ್ಮ ಪದ್ಧತಿ ಎಂದುಕೊಂಡು, "ನಮ್ಮಲ್ಲಿ ಮಲಗಿಸೂದಿಲ್ಲ" ಎಂದು ಕನ್ನಡದಲ್ಲಿಯೇ ಒದರಿದೆ. ಡಾಕ್ಟರ್ ತಂಗಿಯ ಗಂಡನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. ಅವರು ಹೋದ ಮೇಲೆ ತಂಗಿ ಮೂಗು ಒರೆಸಿಕೊಂಡು, "ಅಣ್ಣಾ, ಅವ್ರು ಹೇಳಾಕತ್ತಾರ. ಮಲಗಸೂಣೇನ?" ಎಂದಳು.

"ಹುಚ್ಚಿ ಆಗೀಯೇನ? ಮಲಗಿಸಿ ಒಯ್ದ್ರ ಊರಾಗ ಏನಂತ ಮಾರಿ ತೋರಿಸ್ಲಿ?" ಎಂದು ಬೈದೆ.

ಅವತ್ತು ಸಂಜೆಯ ಫೆರ್ರಿ ಬರಲಿಲ್ಲ. ಗಾಳಿ ಜಾಸ್ತಿ ಆಗಿದೆ, ನಾಳೆ ನೋಡೋಣ ಎಂದರು. ನಮ್ಮ ಸ್ಟ್ಯಾಂಡಿನಲ್ಲಿ ಗಾಡಿ ಕೆಟ್ಟರೆ ಇನ್ನೊಂದು ಗಾಡಿ ಹಾಕಿಸುತ್ತೇನೆ, ಡಿಪೊಗೆ ಫೋನು ಮಾಡಿ ಜಗಳಾಡುತ್ತೇನೆ. ಸಮುದ್ರದ ಸಂಗಡ ಯಾರು ಜಗಳಾಡುವುದು? ಮರುದಿನ ಬೆಳಿಗ್ಗೆ ಫೆರ್ರಿ ಹೊರಟಿತು. ಅಷ್ಟೊತ್ತಿಗೆ ಅವ್ವ ಕೂತ ಭಂಗಿಯಲ್ಲೇ ಗಟ್ಟಿಯಾಗಿದ್ದಳು. ಜೀಪಿನ ಹಿಂದೆ ಮಲಗಿಸಲು ಬರುವ ಹಾಗಿರಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿ, ಕುರ್ಚಿಗೇ ಕಟ್ಟಿ, ಮೇಲೆ ಬಿಳಿ ಬಟ್ಟೆ ಹೊದಿಸಿ ನಾಲ್ಕು ಜನ ಎತ್ತಿಕೊಂಡು ಹೋಗಿ ಫೆರ್ರಿಯ ಕೆಳಗಿನ ಅಂತಸ್ತಿನಲ್ಲಿ ಇಳಿಸಿದೆವು. ತಂಗಿ ಕೂಸನ್ನು ಎತ್ತಿಕೊಂಡು ಫೆರ್ರಿ ಹತ್ತುವ ಕಟ್ಟೆಯವರೆಗೆ ಬಂದಳು. ಮೂರು ತಿಂಗಳ ಕೂಸನ್ನು ಹೆಣದ ಸಂಗಡ ಅಷ್ಟು ದೂರ ಒಯ್ಯುವುದು ಬೇಡ ಎಂದು ನಾನೇ ನಿಲ್ಲಿಸಿದ್ದೆ. ಅವಳು ಅವ್ವನ ಪಾದ ಮುಟ್ಟಿ, "ಅಪ್ಪನ ಮಗ್ಗಲಾಗ ಚೊಲೋತಂಗ ಕುಂದರಸ ಅಣ್ಣಾ" ಎಂದಳು. ಹೂಂ ಎಂದೆ.

ಸುತ್ತಲೂ ಖಾಲಿ ಗ್ಯಾಸ್ ಸಿಲಿಂಡರು, ಮೀನಿನ ಪೆಟ್ಟಿಗೆ. ಫೆರ್ರಿ ಹೊಯ್ದಾಡಿದಾಗೆಲ್ಲ ನಾನೂ ತಂಗಿಯ ಗಂಡನೂ ಕುರ್ಚಿಯ ಒಂದೊಂದು ಕೈ ಹಿಡಿದುಕೊಂಡು ಕೂತೆವು. ಗಾಳಿಗೆ ಮುಖದ ಮೇಲಿನ ಬಟ್ಟೆ ಸರಿಯಿತು. ಪ್ರವಾಸಕ್ಕೆ ಬಂದಿದ್ದ ಹೆಂಗಸೊಬ್ಬಳು ಮೆಟ್ಟಿಲಿಳಿದು ಬಂದವಳು, ಅಜ್ಜಿಗೆ ಹೊಟ್ಟೆ ತೊಳಸುತ್ತಿದೆಯೆಂದು ತಿಳಿದು, ತನ್ನ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ನಾನು ತೆಗೆದುಕೊಂಡೆ. ಅವಳು ಅವ್ವನ ಮುಖವನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಹಿಂದೆ ಹಿಂದೆ ಸರಿದು ಮೆಟ್ಟಿಲು ಹತ್ತಿ ಹೋದಳು.

ಪೋರ್ಟ್ ಬ್ಲೇರಿನಲ್ಲಿ ಎಲ್ಲ ದಾರಿಗಳೂ ಒಂದೊಂದಾಗಿ ಮುಚ್ಚಿದವು. ವಿಮಾನದಲ್ಲಿ ಒಯ್ಯಬೇಕಾದರೆ ಆಸ್ಪತ್ರೆಯಲ್ಲಿ ಮೈಗೆ ಔಷಧಿ ತುಂಬಿಸಬೇಕು, ಕೆಡದ ಹಾಗೆ. ಆಮೇಲೆ ಉದ್ದ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಬೇಕು. ಎರಡಕ್ಕೂ ಮೈ ನೆಟ್ಟಗೆ ಇರಬೇಕು. ಚೌಕದ ಎತ್ತರ ಪೆಟ್ಟಿಗೆ ಮಾಡಿಸಿಕೊಂಡು ಬರುತ್ತೇನೆ ಎಂದು ಸಾಮಾನು ಸಾಗಿಸುವ ಕಚೇರಿಯಲ್ಲಿ ಅಂಗಲಾಚಿದೆ. ಹಾಗೆ ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ಹಡಗು ವಿಚಾರಿಸಿದೆ. ಮುಂದಿನ ಹಡಗಿಗೆ ಇನ್ನೂ ದಿನಗಳಿದ್ದವು, ಅಲ್ಲಿಯೂ ಔಷಧಿ ತುಂಬಿಸಿದ ಕಾಗದ ಬೇಕೇ ಬೇಕು. ಮೈ ತಾನಾಗಿ ಸಡಿಲಾಗುವವರೆಗೆ ಕಾಯೋಣವೆಂದರೆ ಆ ಸೆಕೆ, ಆ ಉಪ್ಪುಗಾಳಿ. ಮೈ ಕೈಗೆ ಉಳಿಯುವ ಹಾಗಿರಲಿಲ್ಲ.

ಶವಾಗಾರದಲ್ಲಿ ಕೆಲಸ ಮಾಡುವವನು ನರೆತ ಮೀಸೆಯ ತಮಿಳ. ಕುರ್ಚಿಯ ಮೇಲಿದ್ದ ಅವ್ವನನ್ನು ಬಹಳ ಹೊತ್ತು ನೋಡಿದ. ಬಗ್ಗಿ ಅವಳ ಕಾಲಿನ ಮಡಿಕೆ ಮುಟ್ಟಿದ. ಯಾರು ಹೀಗೆ ಕೂಡಿಸಿದ್ದು ಎಂದು ಹಿಂದಿಯಲ್ಲಿ ಕೇಳಿದ. ನಾನೇ ಎಂದೆ. ಬಲ ಹಾಕಿ ಬಿಡಿಸಬೇಕಾಗುತ್ತದೆ, ನಿಮಗೆ ಒಪ್ಪಿಗೆಯೇ ಎಂದು ಕೇಳಿದ.

ತಂಗಿಯ ಗಂಡ ನನ್ನನ್ನು ಹೊರಗೆ ಕರೆದುಕೊಂಡು ಬಂದ. ಅವನು ನನ್ನ ಎದುರಿಗೆ ದನಿ ಎತ್ತಿ ಮಾತಾಡಿದವನಲ್ಲ. "ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಇಲ್ಲೇ ಮಣ್ಣ ಮಾಡೂಣ್ರಿ. ಜಾಗಾ ಕೇಳೀನಿ, ಕೊಡ್ತಾರ. ಹೆಂಗ ಕುಂತಾರ ಹಂಗ ಕುಂದರಸೂಣು. ವರ್ಷಾ ನಾವು ಪೂಜಿ ಮಾಡ್ತೀವ್ರಿ" ಎಂದ.

"ನಿಮಗ ವರ್ಗಾ ಆಗೂಮಟಾ ಮಾಡ್ತೀರಿ. ಆಮ್ಯಾಲ?" ಎಂದೆ.

ಅವನು ಹೇಳಿದ್ದೇ ಸರಿ ಇತ್ತೋ ಏನೋ, ನನಗೆ ಇವತ್ತಿಗೂ ತಿಳಿಯುತ್ತಿಲ್ಲ. ಅಲ್ಲಿಯಾದರೆ ಕೂತಿರುತ್ತಾಳೆ, ಆದರೆ ಪರದೇಶಿಯಾಗಿ. ಊರಿಗಾದರೆ ಹೋಗುತ್ತಾಳೆ, ಆದರೆ ಮೈ ಮುರಿಸಿಕೊಂಡು. ಐಗಳಿಗೆ ನನ್ನ ಕಾಕಾನಿಗೆ ಫೋನು ಹಚ್ಚಿದೆ. ಅಪ್ಪನ ತಮ್ಮ, ಮನೆಗೆ ಹಿರಿಯ. "ತಗೊಂಡ ಬಾ. ಏನರ ಆಗ್ಲಿ, ನಮ್ಮ ವೈನೀನ ಅಲ್ಲಿ ಬಿಡಬ್ಯಾಡ. ನಾ ಕುಣಿ ತಗಸ್ತೀನಿ" ಎಂದ. ಕೂಡಿಸಿದ್ದು, ಬಿಡಿಸಬೇಕಾದದ್ದು ಯಾವುದನ್ನೂ ಅವನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎಂದಾನು ಎಂಬ ಅಂಜಿಕೆ. ಊರು ಮುಟ್ಟಿಸುವುದೊಂದೇ ನನಗೆ ಗೊತ್ತಿದ್ದ ಕೆಲಸ, ಅದನ್ನೇ ಆರಿಸಿಕೊಂಡೆ. ಒಳಗೆ ಹೋಗಿ ಸಹಿ ಮಾಡಿದೆ.

ಅವತ್ತು ಆ ಮನುಷ್ಯನ ಜೊತೆಗಾರ ರಜೆಯ ಮೇಲಿದ್ದ. ಭುಜ ಹಿಡಿದುಕೊಳ್ಳಲು ಒಬ್ಬರು ಬೇಕು ಎಂದ. ತಂಗಿಯ ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ಹಿಡಿದೆ. ಆ ಮುದುಕ ಬಿಸಿನೀರಿನ ಬಟ್ಟೆ ಇಟ್ಟು, ತಿಕ್ಕಿ, ತನ್ನ ಭಾಷೆಯಲ್ಲಿ ಅಮ್ಮಾ ಅಮ್ಮಾ ಎನ್ನುತ್ತ ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಮಾಡಿದ. ಆದರೂ ಮಾಡಿದ್ದು ಅದನ್ನೇ. ಅವ್ವನ ಮೈಯಿಂದ ಬಂದ ಸದ್ದನ್ನು ನಾನು ಬರೆಯುವುದಿಲ್ಲ. ಮುಗಿದ ಮೇಲೆ ಹೊರಗೆ ನಲ್ಲಿಯ ಹತ್ತಿರ ಕೂತು ಕೈ ತೊಳೆದುಕೊಂಡೆ. ತಂಗಿಯ ಗಂಡನಿಗೆ, "ಆಕೀಗೆ ಹೇಳಬ್ಯಾಡ್ರಿ. ಎತ್ತರದ ಪೆಟಗಿ ಮಾಡಿಸಿದ್ವಿ ಅನ್ರಿ" ಎಂದೆ. ಅವನು ನನ್ನ ಕೈ ಹಿಡಿದು ಹೂಂ ಎಂದ. ಔಷಧಿ ತುಂಬಿಸಿ ಪೆಟ್ಟಿಗೆ ಮುಚ್ಚಿದ ಮೇಲೆ, ತಂಗಿ ಒಬ್ಬಳೇ ಇದ್ದಾಳೆಂದು ಅವನನ್ನು ದ್ವೀಪಕ್ಕೆ ಮರಳಿ ಕಳಿಸಿದೆ.

ವಿಮಾನದಲ್ಲಿ ನಾನು ಮೇಲೆ ಸೀಟಿನಲ್ಲಿ, ಅವ್ವ ಕೆಳಗೆ ಸಾಮಾನಿನ ಜೊತೆ. ಗಗನಸಖಿ ಬಂದು ಏನು ಕುಡಿಯುತ್ತೀರಿ ಎಂದು ಕೇಳಿದಾಗ ಅವಳ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು. ವಿಮಾನ ಸಿಕ್ಕಿದ್ದು ಚೆನ್ನೈಗೆ, ಅಲ್ಲಿಂದ ಆಂಬುಲೆನ್ಸು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ದಾಟಿದೆವು. ಸಂಕೇಶ್ವರದ ಹತ್ತಿರ ಚಾಲಕ ಮುಂದೆ ಹೇಗೆ ಎಂದು ಕೇಳಿದ. ಎಡಕ್ಕೆ, ಬಲಕ್ಕೆ ಎಂದು ಹೇಳತೊಡಗಿದೆ. ಚಿಕ್ಕೋಡಿಯಲ್ಲಿ ನಮ್ಮ ಸ್ಟ್ಯಾಂಡಿನ ಮುಂದೆಯೇ ಹಾದು ಹೋದೆವು. ಒಳಗೆ ನನ್ನ ಜೊತೆಯವನು ಅಥಣಿ ಗಾಡಿಯನ್ನು ಕೂಗುತ್ತಿದ್ದ. ಆ ಗಾಡಿಗಿಂತ ನಾವೇ ಮೊದಲು ಕುಡಚಿಯ ಸೇತುವೆ ದಾಟಿದೆವು. ಅಷ್ಟು ದೂರದಿಂದ, ಅಷ್ಟು ಗಾಡಿ ಬದಲಿಸಿ, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಅವ್ವನನ್ನು ಐಗಳಿಗೆ ಮುಟ್ಟಿಸಿದ್ದೆ. ಹಾಳು ಬುದ್ಧಿ, ಗಡಿಯಾರ ನೋಡಿಕೊಂಡೆ.

ಹೊಲದಲ್ಲಿ ಮಂದಿ ಸೇರಿದ್ದರು. ಕಾಗವಾಡದಿಂದ ಬೀಗರು, ಅವ್ವನ ತವರಿನವರು, ಕ್ರಿಯೆ ಮಾಡಿಸುವ ಅಯ್ಯನವರು ಎಲ್ಲ ಬಂದಿದ್ದರು. ಬಿದಿರಿನ ವಿಮಾನಕ್ಕೆ ಬಾಳೆಕಂದು, ಚೆಂಡು ಹೂವು ಕಟ್ಟಿ ನಿಲ್ಲಿಸಿದ್ದರು. ಅಪ್ಪನಿಗೂ ಅಜ್ಜನಿಗೂ ನಡುವೆ ಚೌಕವಾಗಿ, ಆಳವಾಗಿ, ಒಬ್ಬರು ಕಾಲು ಮಡಚಿ ಕೂಡುವಷ್ಟು ಕುಣಿ ತೆಗೆದಿತ್ತು. ಕಾಕಾ ಪೆಟ್ಟಿಗೆ ಬಿಚ್ಚಿಸಿದ. ಹೆಂಗಸರು ಮುಖ ನೋಡಿ ಅತ್ತರು. ಆಮೇಲೆ ಗಂಡಸರು ಕೂಡಿಸಲು ಹೋದರು. ಔಷಧಿ ಕುಡಿದ ಮೈ ಹಲಗೆ ಹಲಗೆ. ಬೆನ್ನು ಎತ್ತಿದರೆ ಕಾಲೂ ಎದ್ದು ಬಂದವು. ಮತ್ತೊಮ್ಮೆ ಎತ್ತಿದರು. ನನ್ನಿಂದ ತಡೆಯಲು ಆಗಲಿಲ್ಲ. "ಬಿಡ್ರಿ, ಮತ್ತ ಮುರೀಬ್ಯಾಡ್ರಿ" ಎಂದು ಸ್ಟ್ಯಾಂಡಿನ ದನಿಯಲ್ಲಿ ಕೂಗಿದೆ. ಎಲ್ಲರೂ ಕೈಬಿಟ್ಟರು.

ಕಾಕಾ ನನ್ನನ್ನು ನೋಡಿದ. "ಮತ್ತ ಅಂದ್ರ?" ಎಂದು ಕೇಳಿದ. ಪೋರ್ಟ್ ಬ್ಲೇರಿನಲ್ಲಿ ಆದದ್ದನ್ನು ಎಲ್ಲರ ಮುಂದೆ ಎರಡೇ ಮಾತಿನಲ್ಲಿ ಹೇಳಿದೆ. ಯಾರೂ ನನಗೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಾಕಾ ಸಲಿಕೆ ತೆಗೆದುಕೊಂಡು ಕುಣಿಯ ಸುತ್ತ ಒಂದು ಸಲ ಬಂದ. ಉದ್ದ ಮಾಡಲು ಒಂದು ಕಡೆ ಅಪ್ಪನ ಸಮಾಧಿ ಒಡೆಯಬೇಕು, ಇನ್ನೊಂದು ಕಡೆ ಅಜ್ಜನದು. ಹಿಂದೆ ಹೊಲದ ಗಡಿಯ ಬಾಂದಿನ ಕಲ್ಲು, ಮುಂದೆ ಬಾವಿಯ ಕಟ್ಟೆ. ಅಪ್ಪನ ಮಗ್ಗುಲಲ್ಲಿ ಅವ್ವ ಕೂಡುವಷ್ಟು ಜಾಗವಿತ್ತು, ಮಲಗುವಷ್ಟು ಇರಲಿಲ್ಲ. ಕಾಕಾ ಸಲಿಕೆಯನ್ನು ಹೆಗಲಿಗೆ ಹಾಕಿಕೊಂಡು ಹೊಲದ ಆಚೆ ಬದಿಗೆ, ದ್ರಾಕ್ಷಿಯ ಸಾಲು ಮುಗಿಯುವಲ್ಲಿಗೆ ನಡೆದ. ಹೊಸ ಕುಣಿ ತೋಡುವವರೆಗೆ ಅವ್ವ ವಿಮಾನದ ನೆರಳಿನಲ್ಲಿ ಮಲಗಿದ್ದಳು. ಖಾಲಿ ಚೌಕ ಕುಣಿಯನ್ನು ಆಮೇಲೆ ಮಣ್ಣು ಹಾಕಿ ಮುಚ್ಚಿದೆವು.

ಸ್ನಾನ ಮಾಡಿ ಅಂಗಳಕ್ಕೆ ಬಂದು ಕೂತಿದ್ದೆ. ತಂಗಿಯ ಫೋನು ಬಂತು. ಹಿಂದೆ ಕೂಸು ಅಳುತ್ತಿತ್ತು.

"ಎಲ್ಲಾ ಆತೇನ ಅಣ್ಣಾ? ಅಪ್ಪನ ಮಗ್ಗಲಾಗ ಕುಂತಾಳಲ್ಲಾ ಅವ್ವ?"

ಕಾಕಾ ಎದುರಿಗೆ ಕೂತಿದ್ದ. ಅವನಿಗೆ ಕೇಳಿಸಿತು. ನೆಲ ನೋಡಿದ.

"ಕುಂತಾಳ" ಎಂದೆ.

"ಚೊಲೋತಂಗ?"

"ಚೊಲೋತಂಗ ಕುಂತಾಳ."

ಅವಳು ದೊಡ್ಡದೊಂದು ಉಸಿರು ಬಿಟ್ಟಳು. ಅವತ್ತು ಡಾಕ್ಟರ್ ಮಾತು ಕೇಳಿ ಮಲಗಿಸೋಣ ಎಂದಿದ್ದಕ್ಕೆ ತಪ್ಪಾಯಿತು, ನೀನು ಗಟ್ಟಿ ನಿಂತದ್ದಕ್ಕೆ ಅವ್ವನಿಗೆ ಒಳ್ಳೆಯದಾಯಿತು ಎಂದು ಅತ್ತಳು. ಈಗ ಅವಳ ಗಂಡನಿಗೆ ರಜೆ ಸಿಕ್ಕಿದೆ. ಮೇ ತಿಂಗಳಲ್ಲಿ ಕೂಸನ್ನು ಕರೆದುಕೊಂಡು ಬರುತ್ತಾರೆ. ದಾರಿ, ಗಾಡಿ, ಹೊತ್ತು ಎಲ್ಲವನ್ನೂ ನಾನೇ ಗೊತ್ತು ಮಾಡಿ ಕಳಿಸಿದ್ದೇನೆ. ರಾಯಬಾಗದಲ್ಲಿ ಇಳಿದ ಕೂಡಲೇ ಮನೆಗೆ ಬೇಡ, ಮೊದಲು ಹೊಲಕ್ಕೆ ಕರೆದುಕೊಂಡು ಹೋಗು ಎಂದಿದ್ದಾಳೆ.